ಯುದ್ಧ ಸಾರುವ ಹೊತ್ತಿಗಾಗಿ ಕಾಯಿಸುವ ಗೇಮ್‌ಗಳೂ ಇವೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮಕ್ಕಳು ಆಡುವ ಯುದ್ಧದ ಗೇಮ್‌ಗಳ ಬಗ್ಗೆ ಬಂದ ಬರಹ ಓದಿದೆ. ಬರೆದವರ ಕಾಳಜಿ ನಿಜವಾದದ್ದು, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ಹಿಡಿದು ಗುಂಡು ಹಾರಿಸುತ್ತಾ ಕೂರುವ ಹುಡುಗರನ್ನು ನಾನೂ ನೋಡಿದ್ದೇನೆ. ಆದರೆ ಯುದ್ಧ ಇರುವ ಗೇಮ್ ಯಾವುದಾದರೂ ಸರಿ, ಅದು ಮಕ್ಕಳಿಗೆ ದುಡುಕುವುದನ್ನೇ ಕಲಿಸುತ್ತದೆ ಅನ್ನುವ ಅರ್ಥದ ಒಂದು ಮಾತು ಅದರಲ್ಲಿತ್ತು. ಇದನ್ನು ನಾನು ಒಪ್ಪುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಅದು. ನಮ್ಮ ಮನೆಯಲ್ಲಿ ನಾನು, ನನ್ನ ಮಗಳು ಇಬ್ಬರೂ ಆರೇಳು ವರ್ಷದಿಂದ ಆಡುತ್ತಿರುವ ಗೇಮ್ ಒಂದಿದೆ. ಅದು ನಮಗೆ ಕಲಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಗುಂಡು ಹಾರಿಸುವ ಗೇಮ್‌ಗಳಲ್ಲಿ ಯಾರ ಬೆರಳು ಬೇಗ ಓಡುತ್ತದೋ ಅವರು ಗೆಲ್ಲುತ್ತಾರೆ. ಇನ್ನೊಂದು ಜಾತಿಯ ಗೇಮ್‌ಗಳನ್ನು ಟರ್ನ್ ಬೇಸ್ಡ್ ಸ್ಟ್ರಾಟಜಿ ಅಂತಾರೆ, ನಾನು ಸರದಿ ಆಟ ಅಂತೀನಿ. ನಮ್ಮ ಚೌಕಾಬಾರದ ಹಾಗೆ. ಕವಡೆ ಹಾಕಿ ಕಾಯಿ ನಡೆಸಿದ ಮೇಲೆ ಎದುರಿನವರ ಸರದಿ ಮುಗಿಯುವವರೆಗೆ ಸುಮ್ನೆ ಕೂರಬೇಕು ತಾನೆ? ಇಲ್ಲೂ ಹಾಗೇ. ನಿಮ್ಮ ಟರ್ನ್‌ನಲ್ಲಿ ಹತ್ತು ನಿಮಿಷ ಯೋಚಿಸಿ, ಅರ್ಧ ಗಂಟೆ ಯೋಚಿಸಿ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬನ್ನಿ, ಯಾರೂ ಗುಂಡು ಹೊಡೆಯುವುದಿಲ್ಲ. ನಾವು ಆಡುವುದು ಸಿವಿಲೈಸೇಶನ್ ಅನ್ನುವ ಗೇಮ್. ಅಮೆರಿಕದ ಸಿಡ್ ಮೈಯರ್ 1991ರಲ್ಲಿ ಮೊದಲನೆಯದನ್ನು ಮಾಡಿದರು. ಆರನೆಯದು 2016ರಲ್ಲಿ ಬಂತು, ಏಳನೆಯದು 2025ರಲ್ಲಿ ಬಂತು. ನಾವಿನ್ನೂ ಆರನೆಯದರಲ್ಲೇ ಇದ್ದೇವೆ. ಕ್ರಿ.ಪೂ. 4000ದಲ್ಲಿ ಒಂದು ಸಣ್ಣ ಊರು ಕಟ್ಟುವುದರಿಂದ ಶುರುವಾಗಿ ರಾಕೆಟ್ ಹಾರಿಸುವವರೆಗೂ ಹೋಗುತ್ತದೆ. ಮಾಮೂಲಿ ವೇಗದಲ್ಲಿ 500 ಟರ್ನ್. ರಜೆಯಲ್ಲಿ ದಿನಾ ಒಂದೆರಡು ಗಂಟೆ ಆಡಿದರೂ ಒಂದು ಆಟ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ.

ಇದರಲ್ಲಿ ಯುದ್ಧ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಯುದ್ಧದಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಕತ್ತಿ ಹಿಡಿದ ಮೇಲಲ್ಲ. ಯಾವ ಟರ್ನ್‌ನಲ್ಲಿ, ಯಾರ ಮೇಲೆ, ಯಾವ ಕಾರಣ ಹೇಳಿ, ಅದಕ್ಕಿಂತ ಮುಂಚೆ ಯಾರ ಯಾರ ಹತ್ತಿರ ಏನೇನು ಮಾತಾಡಿಕೊಂಡು ಯುದ್ಧ ಸಾರಿದಿರಿ ಅನ್ನುವುದರಲ್ಲೇ ಮುಕ್ಕಾಲು ಪಾಲು ಮುಗಿದಿರುತ್ತದೆ. ಈ ಮಾತು ನನಗೆ ಅರ್ಥವಾಗಲು ತುಂಬಾ ದಿನ ಬೇಕಾಯಿತು. ಮಗಳಿಗೆ ಎರಡೇ ಆಟ ಸಾಕಾಯಿತು.

ಮೊದಲ ಆಟದ ಕತೆ ಹೇಳುತ್ತೇನೆ. ಅವಳು ಆಗ ಏಳನೇ ಕ್ಲಾಸು. ಶ್ರವಣಬೆಳಗೊಳಕ್ಕೆ ಶಾಲೆಯಿಂದ ಪ್ರವಾಸ ಹೋಗಿ ಬಂದಿದ್ದಳು. ಚಂದ್ರಗಿರಿ ಬೆಟ್ಟಕ್ಕೆ ಆ ಹೆಸರು ಬಂದಿದ್ದು ಚಂದ್ರಗುಪ್ತ ಮೌರ್ಯ ರಾಜ್ಯ ಬಿಟ್ಟು ಭದ್ರಬಾಹು ಮುನಿಗಳ ಜೊತೆ ಅಲ್ಲಿಗೆ ಬಂದು ಸಲ್ಲೇಖನ ತೆಗೆದುಕೊಂಡದ್ದರಿಂದ ಅನ್ನುವುದನ್ನು ಕೇಳಿಕೊಂಡು ಬಂದಿದ್ದಳು. ಗೇಮ್‌ನಲ್ಲಿ ಭಾರತದ ನಾಯಕರಾಗಿ ಗಾಂಧಿ ಮೊದಲಿಂದಲೂ ಇದ್ದರು, 2018ರಲ್ಲಿ ಚಂದ್ರಗುಪ್ತನನ್ನೂ ಸೇರಿಸಿದರು. ಸರಿ, ಅವಳು ಚಂದ್ರಗುಪ್ತನನ್ನೇ ಆರಿಸಿಕೊಂಡಳು. ಉಳಿದ ರಾಜ್ಯಗಳನ್ನು ಕಂಪ್ಯೂಟರೇ ಆಡಿಸುತ್ತದೆ. ಪಕ್ಕದ ರಾಜ್ಯ ಸುಮೇರಿಯದ ಗಿಲ್ಗಮೆಶ್. ಬೆಟ್ಟದ ಆಚೆ ಸಿಥಿಯಾದ ರಾಣಿ ಟೊಮಿರಿಸ್. ಗಿಲ್ಗಮೆಶ್ ಅನ್ನುವವನು ಈ ಗೇಮ್‌ನಲ್ಲಿ ಬೇಗ ಸ್ನೇಹಕ್ಕೆ ಬರುವ ಮನುಷ್ಯ. ಇವಳು ಕೇಳಿದ ತಕ್ಷಣ ಒಪ್ಪಿಕೊಂಡ. ಹಾಗೆ ಸ್ನೇಹ ಘೋಷಿಸಿದರೆ 30 ಟರ್ನ್ ಒಬ್ಬರ ಮೇಲೊಬ್ಬರು ಯುದ್ಧ ಸಾರುವ ಹಾಗಿಲ್ಲ. ಆದರೆ ಅವನ ಗಡಿಯಲ್ಲಿ ನದಿ ಪಕ್ಕ ಒಂದು ಊರಿತ್ತು, ಅದರ ಪಕ್ಕದಲ್ಲೇ ಕಬ್ಬಿಣ. ಇವಳ ಕಣ್ಣು ಅದರ ಮೇಲೆ ಬಿತ್ತು.

30 ಟರ್ನ್ ಮುಗಿಯುತ್ತಾ ಬಂದ ಹಾಗೆ ಬಿಲ್ಲುಗಾರರನ್ನು, ಕವಣೆಯಂತ್ರಗಳನ್ನು ಒಂದೊಂದಾಗಿ ಗಡಿಗೆ ತಂದು ನಿಲ್ಲಿಸಿದಳು. ಅವನು ತೆರೆಯ ಮೇಲೆ ಬಂದು ಕೇಳಿದ, ನಮ್ಮ ಗಡಿಯಲ್ಲಿ ನಿಮ್ಮ ಸೈನ್ಯಕ್ಕೆ ಏನು ಕೆಲಸ ಅಂತ. ಸುಮ್ನೆ ಹಾದು ಹೋಗ್ತಿದೀವಿ ಅನ್ನುವ ಉತ್ತರವನ್ನೇ ಒತ್ತಿದಳು. ನಾನು ಪಕ್ಕದಲ್ಲೇ ಕೂತಿದ್ದೆ, ಬೇಡ ಪುಟ್ಟಿ ಅಂದೆ. ಕೇಳಲಿಲ್ಲ. ಸ್ನೇಹದ ಗಡುವು ಮುಗಿದ ಮರು ಟರ್ನ್‌ಗೇ ಯುದ್ಧ. ಅದನ್ನು ಗೇಮ್‌ನಲ್ಲಿ ಸರ್‌ಪ್ರೈಸ್ ವಾರ್ ಅಂತಾರೆ. ಮುನ್ಸೂಚನೆ ಇಲ್ಲ, ಕಾರಣ ಇಲ್ಲ, ಏಕಾಏಕಿ ನುಗ್ಗುವುದು. ಆರು ಟರ್ನ್‌ನಲ್ಲಿ ಊರು ಇವಳ ಕೈಗೆ ಬಂತು. ಮನೆಯಲ್ಲಿ ಸಂಭ್ರಮ.

ಆಮೇಲೆ ಶುರುವಾಯಿತು ನೋಡಿ. ಟೊಮಿರಿಸ್ ರಾಣಿಗೆ ಬೆನ್ನಿಗೆ ಚೂರಿ ಹಾಕುವವರನ್ನು ಕಂಡರೆ ಆಗುವುದಿಲ್ಲ. ಅವಳ ಸ್ವಭಾವವನ್ನೇ ಗೇಮ್ ಮಾಡಿದವರು ಹಾಗೆ ರೂಪಿಸಿದ್ದಾರೆ. ಅವಳು ಎಲ್ಲರೆದುರು ಇವಳನ್ನು ಖಂಡಿಸಿದಳು. ಹಳೆಯ ವ್ಯಾಪಾರದ ಒಪ್ಪಂದಗಳು ಮುಗಿದಾಗ ಯಾರೂ ಹೊಸದಕ್ಕೆ ಒಪ್ಪಲಿಲ್ಲ. ಚಹಾ ಇಲ್ಲ, ರೇಷ್ಮೆ ಇಲ್ಲ, ಊರುಗಳಲ್ಲಿ ಜನರ ಖುಷಿ ಇಳಿಯಿತು, ಖುಷಿ ಇಳಿದರೆ ದುಡಿಮೆಯೂ ಇಳಿಯುತ್ತದೆ. ಸಂಧಿ ಮಾಡಿಕೊಳ್ಳೋಣ ಅಂದರೆ, ಯುದ್ಧ ಸಾರಿದ ಮೇಲೆ 10 ಟರ್ನ್ ಆಗುವವರೆಗೆ ಅದಕ್ಕೂ ಅವಕಾಶವಿಲ್ಲ. ನೂರು ಟರ್ನ್ ಕಳೆದ ಮೇಲೂ ಹೊಸದಾಗಿ ಸಿಕ್ಕ ರಾಜ್ಯದವರು ಇವಳ ಜೊತೆ ಸ್ನೇಹಕ್ಕೆ ಬರಲಿಲ್ಲ. ಒಂದು ಊರು ಸಿಕ್ಕಿತು, ಇಡೀ ಪ್ರಪಂಚ ಕೈಬಿಟ್ಟಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದ್ದು ನನಗಿನ್ನೂ ನೆನಪಿದೆ. "ಅಪ್ಪಾ, ಸ್ನೇಹದ ಗಡುವು ಮುಗಿದ ಮೇಲೇ ಅಲ್ವಾ ನಾನು ಹೋಗಿದ್ದು? ರೂಲ್ಸ್ ಮುರಿದಿಲ್ಲ ಅಲ್ವಾ?" ಅಂತ. ರೂಲ್ಸ್ ಮುರಿದಿರಲಿಲ್ಲ, ನಿಜ. ಹದಿಮೂರು ವರ್ಷದ ಮಗು ತಾನಾಗಿ ಈ ಪ್ರಶ್ನೆಗೆ ಬಂದು ನಿಂತದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು. ಇದು ದುಡುಕು ಕಲಿಸುವ ಗೇಮಾ, ನೀವೇ ಹೇಳಿ.

ಗೇಮ್ ಇದನ್ನೆಲ್ಲ ಲೆಕ್ಕ ಇಡುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಆಡದವರಿಗೆ ಇದು ಗೊತ್ತಿರುವುದಿಲ್ಲ. 2019ರಲ್ಲಿ ಬಂದ ಒಂದು ವಿಸ್ತರಣೆಯಲ್ಲಿ (ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಗ್ರೀವೆನ್ಸ್ ಅನ್ನುವ ಲೆಕ್ಕ ಸೇರಿಸಿದರು. ನೀವು ಮಾಡಿದ ಅನ್ಯಾಯದ ಬಾಕಿ ಪುಸ್ತಕ ಅಂದುಕೊಳ್ಳಿ. ಹೇಳದೆ ಕೇಳದೆ ಯುದ್ಧಕ್ಕೆ ಹೋದರೆ ನಿಮ್ಮ ಲೆಕ್ಕಕ್ಕೆ 150 ಬೀಳುತ್ತದೆ. ಮೊದಲು ಬಹಿರಂಗವಾಗಿ ಖಂಡಿಸಿ, 5 ಟರ್ನ್ ಕಾದು, ಆಮೇಲೆ ಕ್ರಮವಾಗಿ ಯುದ್ಧ ಸಾರಿದರೆ 100. ನಿಮ್ಮಿಂದ ಕಿತ್ತುಕೊಂಡ ಊರನ್ನು ವಾಪಸ್ ಪಡೆಯಲು ಹೋಗುವ ಯುದ್ಧ, ಬೇರೆಯವರ ಊರನ್ನು ಬಿಡಿಸಿಕೊಡಲು ಹೋಗುವ ಯುದ್ಧ, ನಿಮ್ಮನ್ನು ನಂಬಿದ ಸಣ್ಣ ನಗರರಾಜ್ಯವನ್ನು ಕಾಪಾಡಲು ಹೋಗುವ ಯುದ್ಧ, ಹೀಗೆ ಕಾರಣ ಗಟ್ಟಿಯಾದಷ್ಟೂ ಬಾಕಿ ಹಗುರ. ಎದುರಿನವನೇ ಮೊದಲು ತಪ್ಪು ಮಾಡಿದ್ದರೆ ಅವನ ಬಾಕಿಯೂ ನಿಮ್ಮ ಬಾಕಿಯೂ ಒಂದಕ್ಕೊಂದು ವಜಾ ಆಗುತ್ತವೆ. ಸುಮ್ಮನಿದ್ದರೆ ಟರ್ನ್ ಕಳೆದಂತೆ ನಿಧಾನವಾಗಿ ಕರಗುತ್ತದೆ.

ಆ 5 ಟರ್ನ್ ಇದೆಯಲ್ಲ, ಅದರಲ್ಲೇ ಇಡೀ ಆಟದ ಜೀವ ಇರುವುದು. ಖಂಡಿಸಿದ ತಕ್ಷಣ ಎದುರಿನವನಿಗೆ ಗೊತ್ತಾಗಿಬಿಡುತ್ತದೆ. ಅವನು ಗೋಡೆ ಕಟ್ಟುತ್ತಾನೆ, ಸೈನಿಕರನ್ನು ಕೊಳ್ಳುತ್ತಾನೆ. ಅಂದರೆ ಮರ್ಯಾದೆಯಿಂದ ಹೋದರೆ ಯುದ್ಧ ಕಷ್ಟವಾಗುತ್ತದೆ, ಕದ್ದು ಹೋದರೆ ಯುದ್ಧ ಸುಲಭವಾಗಿ ಆಮೇಲಿನ ಬದುಕು ಕಷ್ಟವಾಗುತ್ತದೆ. ಇದಕ್ಕೆ ಒಂದೇ ಸರಿ ಉತ್ತರ ಅಂತ ಇಲ್ಲ. ಪ್ರತಿ ಸಲವೂ ನಕ್ಷೆ ನೋಡಿ, ನೆರೆಯವರನ್ನು ನೋಡಿ, ಮತ್ತೆ ಯೋಚಿಸಬೇಕು.

ನಿಜವಾದ ಪ್ರಪಂಚವೂ ಇದೇ ಪ್ರಶ್ನೆಯನ್ನು ಎದುರಿಸಿದೆ. 1904ರ ಫೆಬ್ರವರಿ 8ರ ರಾತ್ರಿ ಜಪಾನ್ ಚೀನಾ ತೀರದ ಪೋರ್ಟ್ ಆರ್ಥರ್‌ನಲ್ಲಿದ್ದ ರಷ್ಯಾದ ಹಡಗುಗಳ ಮೇಲೆ ಬಿತ್ತು, ಯುದ್ಧ ಸಾರಿದ್ದು 10ರಂದು. ಅದಾದ ಮೂರು ವರ್ಷಕ್ಕೆ, 1907ರಲ್ಲಿ, ಹೇಗ್ ಸಮ್ಮೇಳನದಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಮುಂಚಿತವಾಗಿ, ಸ್ಪಷ್ಟವಾಗಿ, ಕಾರಣ ಹೇಳಿ ಎಚ್ಚರಿಸದೆ ಯುದ್ಧ ಶುರು ಮಾಡಬಾರದು ಅಂತ. ಗೇಮ್‌ನ 5 ಟರ್ನ್ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಇದೂ ಒಂದು ಕಾರಣ.

ಗೇಮ್‌ನಲ್ಲಿ ಪ್ರತಿ ನಾಯಕನಿಗೂ ಒಂದು ವಿಶೇಷ ಶಕ್ತಿ ಇರುತ್ತದೆ. ಚಂದ್ರಗುಪ್ತನ ಶಕ್ತಿಯ ಹೆಸರು ಏನು ಗೊತ್ತಾ? ಅರ್ಥಶಾಸ್ತ್ರ! ರಾಜನೀತಿಯ ಬಗ್ಗೆ ಕೌಟಿಲ್ಯ ಬರೆದ ಪುಸ್ತಕದ ಹೆಸರೇ ಅದು. ರಾಜ್ಯ ವಿಸ್ತರಣೆಯ ಯುದ್ಧವನ್ನು ಅವನು ಬೇರೆಯವರಿಗಿಂತ ಬೇಗ ಸಾರಬಹುದು, ಸಾರಿದ ಮೇಲೆ ಮೊದಲ 10 ಟರ್ನ್ ಅವನ ಸೈನ್ಯ ಜಾಸ್ತಿ ದೂರ ನಡೆಯುತ್ತದೆ, ಜಾಸ್ತಿ ಬಲವಾಗಿ ಹೊಡೆಯುತ್ತದೆ. ಅಷ್ಟೇ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕೂತು ಗೇಮ್ ಮಾಡುವವರಿಗೆ ಅರ್ಥಶಾಸ್ತ್ರ ಅಂದರೆ ಇಷ್ಟೇ ಕಂಡಿತಲ್ಲ ಅಂತ ನನಗೆ ಬೇಜಾರಾಯಿತು. ಯಾಕೆಂದರೆ ಆ ಪುಸ್ತಕ ಲೋಕಕ್ಕೆ ಮತ್ತೆ ಸಿಕ್ಕಿದ್ದೇ ನಮ್ಮ ಮೈಸೂರಿನಿಂದ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದರು. 1909ರಲ್ಲಿ ಸಂಸ್ಕೃತದಲ್ಲಿ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಕೃಷ್ಣರಾಜ ಬುಲೆವಾರ್ಡ್‌ನಲ್ಲಿ ಆ ಕಟ್ಟಡದ ಮುಂದೆ ನಾನು ವಾರಕ್ಕೆ ನಾಲ್ಕು ಸಲ ಓಡಾಡುತ್ತೇನೆ.

ಆ ಪುಸ್ತಕದ ಏಳನೇ ಅಧಿಕರಣ, ಅಂದರೆ ಏಳನೇ ಭಾಗ, ಪೂರ್ತಿ ಇದೇ ವಿಷಯ. ನೆರೆಯ ರಾಜನ ಜೊತೆ ನಡೆದುಕೊಳ್ಳಲು ಆರು ದಾರಿ ಹೇಳುತ್ತದೆ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಒಪ್ಪಂದ ಮಾಡಿಕೊಳ್ಳುವುದು, ಹಗೆ ಕಟ್ಟಿಕೊಳ್ಳುವುದು, ಸುಮ್ಮನೆ ಕೂರುವುದು, ದಂಡು ಕಟ್ಟಿ ಹೊರಡುವುದು, ಬಲಶಾಲಿಯ ಆಸರೆ ಪಡೆಯುವುದು, ಒಬ್ಬನ ಜೊತೆ ಸಂಧಿ ಮಾಡಿಕೊಂಡು ಇನ್ನೊಬ್ಬನ ಜೊತೆ ಹೋರಾಡುವುದು. ಸುಮ್ಮನೆ ಕೂರುವುದನ್ನೂ ಒಂದು ನೀತಿ ಅಂತ ಹೆಸರಿಟ್ಟು ಕರೆದಿದ್ದಾನಲ್ಲ, ಅದು ನನಗೆ ತುಂಬಾ ಇಷ್ಟ. ಹಗೆ ಕಟ್ಟಿಕೊಳ್ಳುವುದು ಬೇರೆ, ದಂಡೆತ್ತಿ ಹೋಗುವುದು ಬೇರೆ ಅಂತಲೂ ಎರಡಾಗಿ ಬಿಡಿಸಿದ್ದಾನೆ. ಗೇಮ್‌ನ ಖಂಡನೆಗೂ ಯುದ್ಧ ಸಾರುವುದಕ್ಕೂ ನಡುವಿನ 5 ಟರ್ನ್ ಇದೇ ಅಲ್ವಾ? ಇನ್ನೂ ಮುಂದೆ ಹೋಗಿ ಹೇಳುತ್ತಾನೆ, ಸಂಧಿಯಿಂದಲೂ ವಿಗ್ರಹದಿಂದಲೂ ಒಂದೇ ಲಾಭ ಬರುವ ಹಾಗಿದ್ದರೆ ಸಂಧಿಯನ್ನೇ ಹಿಡಿಯಬೇಕು, ಯುದ್ಧದಲ್ಲಿ ಜನ ಹೋಗುತ್ತಾರೆ, ಹಣ ಹೋಗುತ್ತದೆ, ಮನೆ ಬಿಟ್ಟು ದೂರ ಇರಬೇಕಾಗುತ್ತದೆ ಅಂತ. ಇಂಥ ಪುಸ್ತಕದ ಹೆಸರನ್ನು ಬರೀ ಯುದ್ಧದ ಬಲಕ್ಕೆ ಇಟ್ಟಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಚಂದ್ರಗುಪ್ತ ಸ್ವತಃ ಗ್ರೀಕ್ ರಾಜ ಸೆಲ್ಯೂಕಸ್ ಜೊತೆಗಿನ ಜಗಳವನ್ನು ಮುಗಿಸಿದ್ದು ಒಪ್ಪಂದದಿಂದ. 500 ಆನೆ ಕೊಟ್ಟು ದೊಡ್ಡ ಸೀಮೆಯನ್ನೇ ಪಡೆದ.

ಗೇಮ್ ಮಾಡಿದವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನೂ ಹೇಳುತ್ತೇನೆ. ಚಂದ್ರಗುಪ್ತನನ್ನು ಕಂಪ್ಯೂಟರ್ ಆಡಿಸುವಾಗ ಅವನಿಗೆ ಗಡಿ ಹತ್ತಿರ ಇರುವವರನ್ನು ಕಂಡರೆ ಆಗುವುದಿಲ್ಲ, ದೂರದವರು ಇಷ್ಟ. ಪಕ್ಕದವನು ಹಗೆ, ಪಕ್ಕದವನ ಪಕ್ಕದವನು ಗೆಳೆಯ ಅನ್ನುವ, ಕೌಟಿಲ್ಯನ ಮಂಡಲದ ಲೆಕ್ಕ ಅದು. ಯಾರೋ ಓದಿಯೇ ಮಾಡಿದ್ದಾರೆ. ಹಾಗೇ ಗಾಂಧಿಯವರ ಮೇಲೆ ಯುದ್ಧಕ್ಕೆ ಹೋದವರ ಜನಕ್ಕೆ ಯುದ್ಧದ ಬೇಸರ ಎರಡು ಪಟ್ಟು ಆಗುತ್ತದೆ. ಇದು ತುಂಬಾ ಚೆನ್ನಾದ ಯೋಚನೆ. ಹಳೆಯ ಗೇಮ್‌ನಲ್ಲಿ ಒಂದು ದೋಷದಿಂದಾಗಿ ಗಾಂಧಿ ಅಣುಬಾಂಬ್ ಹಾಕುತ್ತಿದ್ದರು ಅನ್ನುವ ಕತೆ ಈಗಲೂ ಎಲ್ಲ ಕಡೆ ಓಡಾಡುತ್ತದೆ. ಅಂಥ ದೋಷ ಇರಲೇ ಇಲ್ಲ ಅಂತ ಸಿಡ್ ಮೈಯರ್ ಅವರೇ 2020ರಲ್ಲಿ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ದಯವಿಟ್ಟು ಆ ಕತೆಯನ್ನು ಯಾರೂ ಇನ್ನು ಹಂಚಬೇಡಿ.

ನಾಯಕರ ಸ್ವಭಾವ ತಿಳಿದುಕೊಳ್ಳುವುದೂ ಯುದ್ಧದ ಹೊತ್ತು ನೋಡುವುದರ ಒಂದು ಭಾಗ. ಟೊಮಿರಿಸ್ ವಿಷಯ ಆಗಲೇ ಹೇಳಿದೆ. ಅವಳಿಗೆ ಪೂರ್ತಿ ಎದುರು ಪರ್ಷಿಯದ ಸೈರಸ್. ಏಕಾಏಕಿ ಯುದ್ಧಕ್ಕೆ ಹೋಗುವವರನ್ನು ಅವನು ಮೆಚ್ಚುತ್ತಾನೆ, ತಾನೂ ಹಾಗೇ ಹೋಗುತ್ತಾನೆ, ಅದರಿಂದ ಅವನ ಸೈನ್ಯಕ್ಕೆ ವೇಗವೂ ಸಿಗುತ್ತದೆ. ಸೈರಸ್ ಪಕ್ಕದಲ್ಲಿದ್ದರೆ ಅವನ ನಗುಮುಖ ನಂಬಿ ಗಡಿ ಖಾಲಿ ಬಿಡಬಾರದು. ಇತಿಹಾಸದಲ್ಲೂ ಇವರಿಬ್ಬರೂ ಎದುರಾಬದುರು ನಿಂತವರೇ. ಸೈರಸ್ ಸತ್ತದ್ದು ಟೊಮಿರಿಸ್ ವಿರುದ್ಧದ ಯುದ್ಧದಲ್ಲಿ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮಗಳು ಇದನ್ನು ಗೇಮ್ ಆಡಿದ ಮೇಲೆ ತಾನೇ ಹುಡುಕಿ ಓದಿದಳು.

ಇನ್ನೊಂದು ಸಣ್ಣ ವಿಷಯ, ಆದರೆ ಹೊಸಬರು ಮರೆಯುವಂಥದ್ದು. ಯಾವ ರಾಜ್ಯದವರು ಮೊದಲ ಸಲ ಸಿಕ್ಕರೂ 25 ಚಿನ್ನ ಕೊಟ್ಟು ನಿಯೋಗ ಕಳಿಸಬಹುದು. ಆ ಹಣಕ್ಕೆ ಅರ್ಧ ಸೈನಿಕನೂ ಬರುವುದಿಲ್ಲ. ಆದರೆ ಶುರುವಿನಲ್ಲಿ ಸೈನ್ಯ ಕಡಿಮೆ ಇರುವಾಗ ಕಾಲು ಕೆರೆದುಕೊಂಡು ಬರುವ ನೆರೆಯವರನ್ನು ಎಷ್ಟೋ ಸಲ ಅದೇ ತಡೆದಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದನ್ನು ಈ ಗೇಮ್‌ನಲ್ಲಿ ಕಣ್ಣಾರೆ ನೋಡಬಹುದು.

ಕಾರಣ ಹುಡುಕಿಕೊಂಡು ಯುದ್ಧ ಸಾರುವುದು ಬರೀ ಗೇಮ್‌ನ ಮಾತಲ್ಲ. 1520ರ ರಾಯಚೂರು ಯುದ್ಧ ತೆಗೆದುಕೊಳ್ಳಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿರುವ ಪ್ರಕಾರ, ಕೃಷ್ಣದೇವರಾಯ ಗೋವಾದಲ್ಲಿ ಕುದುರೆ ಕೊಳ್ಳಲು ಒಬ್ಬ ವ್ಯಾಪಾರಿಯ ಕೈಗೆ 40,000 ಪರ್ದಾವ್ (ಚಿನ್ನದ ನಾಣ್ಯ) ಕೊಟ್ಟು ಕಳಿಸಿದ. ಅವನು ಹಣ ಎತ್ತಿಕೊಂಡು ಬಿಜಾಪುರದ ಆದಿಲ್‌ಶಾಹನ ಆಸರೆಗೆ ಹೋದ. ಓಡಿಬಂದವರಿಗೆ ಆಸರೆ ಕೊಡಬಾರದು ಅಂತ ಎರಡು ರಾಜ್ಯಗಳ ನಡುವೆ ಹಳೆಯ ಒಪ್ಪಂದ ಇತ್ತು. ರಾಯ ಪತ್ರ ಬರೆದ, ಅವನನ್ನೂ ಹಣವನ್ನೂ ಕಳಿಸಿಕೊಡಿ ಅಂತ. ಆಗಲಿಲ್ಲ. ಮಂತ್ರಿಗಳು ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ದಿನದ ಶಾಂತಿ ಮುರಿಯುವುದು ಬೇಡ ಅಂದರು. ರಾಯ ಮನಸ್ಸು ಮಾಡಿಬಿಟ್ಟಿದ್ದಾನೆ ಅಂತ ಗೊತ್ತಾದ ಮೇಲೆ, ಹಾಗಾದರೆ ರಾಯಚೂರಿನ ಮೇಲೆ ಹೋಗಿ, ಅದು ಹಿಂದೆ ನಮ್ಮದೇ ಆಗಿತ್ತು ಅಂದರು. ನಿಜವಾದ ಗುರಿ ಆ ಹಣ ಅಲ್ಲ ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಪತ್ರ ಬರೆದು, ಉತ್ತರಕ್ಕೆ ಕಾದು, ಒಪ್ಪಂದ ಮುರಿದವನು ಅವನು ಅಂತ ಎಲ್ಲರಿಗೂ ಕಾಣುವ ಹಾಗೆ ಮಾಡಿ ಆಮೇಲೆ ದಂಡು ಹೊರಟಿತು. ಈ ಯುದ್ಧವನ್ನು ನಾನು ಶಾಲೆಯಲ್ಲಿ ಇಸವಿ ಉರು ಹೊಡೆದು ಪಾಸಾದವನು. ಅದರ ಹಿಂದಿನ ಪತ್ರಗಳ ಕತೆ ನನಗೆ ಬೇಕು ಅನ್ನಿಸಿದ್ದು ಗೇಮ್ ಆಡಿದ ಮೇಲೆ.

ಹೊತ್ತು ಅಂದರೆ ಆಗ ಕಾಲ, ಋತು ಕೂಡ. ಎದುರಿನವನ ಹಳೆಯ ಧಾನ್ಯ ಮುಗಿದು ಹೊಸದು ಇನ್ನೂ ಕಣಜಕ್ಕೆ ಬಾರದಿದ್ದಾಗ ಮಾರ್ಗಶಿರದಲ್ಲಿ ಹೊರಡಬೇಕು ಅಂತ ಕೌಟಿಲ್ಯ ಹೇಳುತ್ತಾನೆ, ಚೈತ್ರಕ್ಕೂ ಜ್ಯೇಷ್ಠಕ್ಕೂ ಬೇರೆ ಬೇರೆ ಲೆಕ್ಕ ಕೊಡುತ್ತಾನೆ. ವಿಜಯದಶಮಿಯ ದಿನ ನಮ್ಮ ಜಂಬೂ ಸವಾರಿ ಬನ್ನಿಮಂಟಪಕ್ಕೇ ಹೋಗುವುದರ ಹಿಂದೆಯೂ ಮಳೆ ನಿಂತ ಮೇಲೆ ಬನ್ನಿ ಪೂಜೆ ಮಾಡಿ ದಂಡು ಹೊರಡಿಸುತ್ತಿದ್ದ ಕಾಲದ ನೆನಪಿದೆ. ಗೇಮ್‌ನಲ್ಲಿ ಮಳೆಗಾಲ ಇಲ್ಲ, ಅದರ ಬದಲು ವಿದ್ಯೆಯ ಲೆಕ್ಕ. ನಿಮ್ಮ ಹತ್ತಿರ ಕುದುರೆ ಸವಾರ ನೈಟ್‌ಗಳು ಬಂದು, ಎದುರಿನವನು ಇನ್ನೂ ಹಳೆಯ ಬಿಲ್ಲುಗಾರರಲ್ಲೇ ಇರುವ ಹದಿನೈದು ಇಪ್ಪತ್ತು ಟರ್ನ್ ಇರುತ್ತದಲ್ಲ, ಆ ಕಿಂಡಿ ತಪ್ಪಿದರೆ ಮತ್ತೆ ಸುಲಭವಾಗಿ ಸಿಗುವುದಿಲ್ಲ.

ಈಗ ಎರಡನೇ ಆಟ. ಅವಳು ಒಂಬತ್ತನೇ ಕ್ಲಾಸಿಗೆ ಬಂದಿದ್ದಳು. ಮತ್ತೆ ಚಂದ್ರಗುಪ್ತನೇ. ಈ ಸಲ ನೆರೆ ಮ್ಯಾಸಿಡೋನಿಯದ ಅಲೆಕ್ಸಾಂಡರ್. ಅವನಿಗೆ ಯಾರ ಜೊತೆಗಾದರೂ ಯುದ್ಧ ನಡೆಯುತ್ತಲೇ ಇರಬೇಕು, ಸುಮ್ಮನೆ ಕೂರುವವರನ್ನು ಕಂಡರೂ ಆಗುವುದಿಲ್ಲ. ಇವಳು ಲೆಕ್ಕದ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಎರಡು ಕಾಲಂ ಹಾಕಿದಳು. ಒಂದಕ್ಕೆ "ಹೋದರೆ", ಇನ್ನೊಂದಕ್ಕೆ "ಕೂತರೆ". ಹೋದರೆ ಕೆಳಗೆ ಎರಡು ಊರಿನ ಹೆಸರು, ಒಂದು ಬಂದರು. ಕೂತರೆ ಕೆಳಗೆ ಯಾರ್ಯಾರ ಸ್ನೇಹ ಇನ್ನೆಷ್ಟು ಟರ್ನ್ ಇದೆ, ಯಾರಿಂದ ಚಹಾ ಬರುತ್ತಿದೆ, ಯಾರಿಗೆ ಉಪ್ಪು ಹೋಗುತ್ತಿದೆ ಅಂತ. ಸುತ್ತಮುತ್ತ ನೋಡಿ ಸುದ್ದಿ ಕೊಡುವ ಒಬ್ಬ ಸ್ಕೌಟ್‌ನನ್ನು ಅವನ ಗಡಿಯ ಗುಡ್ಡದ ಮೇಲೆ ನಿಲ್ಲಿಸಿದಳು. ನಾನು ಕೆಲಸದಿಂದ ಬಂದು ಕೇಳುತ್ತಿದ್ದೆ, ಏನಾಯ್ತು ಅಂತ. "ಇನ್ನೂ ಇಲ್ಲಪ್ಪ, ಅವನ ಸೈನ್ಯ ಊರಲ್ಲೇ ಇದೆ" ಅನ್ನುತ್ತಿದ್ದಳು. ಹೀಗೆ ನಲವತ್ತು ಟರ್ನ್! ಒಂದು ವಾರ ಪೂರ್ತಿ.

ಒಂದು ದಿನ ಸ್ಕೌಟ್ ಕಣ್ಣಿಗೆ ಅವನ ಸೈನ್ಯ ಸಾಲಾಗಿ ಉತ್ತರಕ್ಕೆ ಹೋಗುವುದು ಬಿತ್ತು. ಅಲ್ಲಿ ಒಂದು ಸಣ್ಣ ನಗರರಾಜ್ಯದ ಮೇಲೆ ಬಿದ್ದಿದ್ದ. ಇವಳು ತಕ್ಷಣ ಯುದ್ಧ ಸಾರಲಿಲ್ಲ. ಖಂಡಿಸಿದಳು. ಪುಟದ ಮೂಲೆಯಲ್ಲಿ ಒಂದು ಗೆರೆ ಎಳೆದಳು. ಮುಂದಿನ ಟರ್ನ್‌ಗೆ ಇನ್ನೊಂದು. ಹೀಗೆ ಐದು ಗೆರೆ. ಆ ಐದು ಟರ್ನ್‌ನಲ್ಲಿ ಉಳಿದ ಎಲ್ಲರ ಹತ್ತಿರ ಹೋಗಿ ಹಳೆಯ ಸ್ನೇಹಗಳನ್ನು ಹೊಸ ಮಾಡಿಕೊಂಡಳು, ವ್ಯಾಪಾರ ಗಟ್ಟಿ ಮಾಡಿಕೊಂಡಳು. ಅವನಿಗೆ ಗೊತ್ತಾಗಿತ್ತು, ನಿಜ. ಆದರೆ ದಂಡು ಅಷ್ಟು ದೂರ ಹೋಗಿದ್ದರಿಂದ ಬೇಗ ವಾಪಸ್ ಬರಲು ಆಗಲಿಲ್ಲ. ಆಮೇಲೆ ಯುದ್ಧ ಸಾರಿದಳು. ಬಂದರಿನ ಊರು ಏಳನೇ ಟರ್ನ್‌ಗೆ ಸಿಕ್ಕಿತು.

ಅವಳು ಇನ್ನೊಂದು ಕಂಡುಹಿಡಿದಿದ್ದಳು, ಇಷ್ಟು ವರ್ಷ ಆಡಿಯೂ ನನಗೆ ಅದು ಹೊಳೆದಿರಲಿಲ್ಲ. ಚಂದ್ರಗುಪ್ತನ ಆ ವಿಶೇಷ ಬಲ ಇರುವುದು 10 ಟರ್ನ್. ಸಂಧಿಗೆ ಅವಕಾಶ ತೆರೆಯುವುದೂ 10 ಟರ್ನ್ ಆದ ಮೇಲೆ. ಬಲ ಮುಗಿಯುವ ಹೊತ್ತಿಗೇ ಬಾಗಿಲು ತೆರೆಯುತ್ತದೆ. ಅದಕ್ಕೇ ಅವಳು ಎರಡನೇ ಊರಿನ ಗೋಡೆ ಅರ್ಧ ಬಿದ್ದಿದ್ದರೂ, ಇನ್ನು ಎರಡು ಟರ್ನ್‌ನಲ್ಲಿ ಸಿಗುತ್ತಿದ್ದರೂ, ಹನ್ನೊಂದನೇ ಟರ್ನ್‌ನಲ್ಲಿ ಸಂಧಿ ಕೇಳಿದಳು. ಯಾಕೆ ನಿಲ್ಲಿಸಿದೆ ಅಂದೆ. "ಅವನ ಸೈನ್ಯ ವಾಪಸ್ ಬರ್ತಿದೆ, ನೋಡು" ಅಂದಳು. ಗುಡ್ಡದ ಮೇಲಿನ ಸ್ಕೌಟ್ ಇನ್ನೂ ಅಲ್ಲೇ ನಿಂತಿದ್ದ.

ಸಂಪಾದಕರೇ, ಎಲ್ಲ ಮಕ್ಕಳೂ ಈ ಗೇಮ್ ಆಡಲಿ ಅಂತ ನಾನು ಹೇಳುತ್ತಿಲ್ಲ. ಸಮಯ ತುಂಬಾ ತಿನ್ನುತ್ತದೆ, ಇನ್ನೊಂದೇ ಟರ್ನ್ ಅನ್ನುತ್ತಾ ಮಧ್ಯರಾತ್ರಿ ಆಗಿಬಿಡುವುದು ನಿಜ. ನಮ್ಮ ಮನೆಯಲ್ಲಿ ಪರೀಕ್ಷೆಯ ತಿಂಗಳು ಕಂಪ್ಯೂಟರ್ ಮುಚ್ಚಿಡುತ್ತೇವೆ. ಆದರೆ ಕನ್ನಡದಲ್ಲಿ ಗೇಮ್‌ಗಳ ಬಗ್ಗೆ ಬರೆಯುವಾಗ ಒಂದೋ ಹೊಸ ಮೊಬೈಲ್ ಜಾಹೀರಾತಿನ ಹಾಗೆ ಬರೆಯುತ್ತಾರೆ, ಇಲ್ಲಾ ಚಟದ ಬಗ್ಗೆ ಹೆದರಿಸುತ್ತಾರೆ. ಆಟದ ಒಳಗೆ ಏನು ನಡೆಯುತ್ತದೆ ಅಂತ ಕೂತು ನೋಡಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಕ್ರಿಕೆಟ್ ಪಂದ್ಯದ ಒಂದೊಂದು ಓವರ್ ಬಗ್ಗೆ ನಿಮ್ಮಲ್ಲಿ ಎಷ್ಟು ಚೆನ್ನಾಗಿ ಬರೆಯುತ್ತಾರೆ! ಚೆಸ್‌ಗೂ ಜಾಗ ಕೊಡುತ್ತೀರಿ. ತಿಂಗಳಿಗೆ ಒಂದು ಸಲ, ಅರ್ಧ ಪುಟ, ಸರದಿ ಆಟಗಳಿಗೂ ಕೊಡಿ. ಬರೆಯಲು ಕಾಲೇಜು ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ.

ಭಾಷೆಯ ಮಾತೂ ಇದೆ. ಈ ಗೇಮ್ ಪೋಲಿಷ್, ಕೊರಿಯನ್, ರಷ್ಯನ್ ಎಲ್ಲದರಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಅದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಆಡುವಾಗ ಮಾತಾಡಲು ಪದಗಳು ಬೇಕಲ್ಲ, ಅದನ್ನು ಪತ್ರಿಕೆ ಮಾಡಬಹುದು. ನಮ್ಮ ಮನೆಯಲ್ಲಿ ಸಂಧಿ, ಆಸನ ಎರಡು ಮಾತು ಆಗಲೇ ಓಡಾಡುತ್ತಿವೆ. "ಈಗ ಆಸನ ಅಪ್ಪ, ಹತ್ತು ಟರ್ನ್" ಅಂತಾಳೆ. ಯುದ್ಧಕ್ಕೆ ಮುಂಚೆ ಎಲ್ಲರೆದುರು ಖಂಡಿಸುವ ಆ ಡಿನೌನ್ಸ್‌ಗೆ ಮಾತ್ರ ನಮಗೆ ಸರಿಯಾದ ಪದ ಸಿಕ್ಕಿಲ್ಲ. ಖಂಡಿಸುವುದು ಅಂದರೆ ಬರೀ ಹೇಳಿಕೆ ಕೊಟ್ಟ ಹಾಗಾಗುತ್ತದೆ, ಹಗೆ ಸಾರುವುದು ಅಂದರೆ ಆಗಲೇ ಯುದ್ಧವಾದ ಹಾಗಾಗುತ್ತದೆ. ಎರಡರ ನಡುವಿನದ್ದು ಬೇಕು. ನಿಮ್ಮ ಓದುಗರಲ್ಲಿ ಯಾರಿಗಾದರೂ ಹೊಳೆದರೆ ಇದೇ ಅಂಕಣಕ್ಕೆ ಬರೆದು ತಿಳಿಸಲಿ, ಮಗಳು ಕಾಯುತ್ತಿದ್ದಾಳೆ.

ನಿಮ್ಮ ಹಳೆಯ ಓದುಗ,
ಮೈಸೂರು